ಐದೂವರೆ ತಾಸು

ಅಘನಾಶಿನಿಯ ನೀರು ಉಪ್ಪಾಗತೊಡಗುವ ತಿರುವಿನಲ್ಲಿ
ನಮ್ಮ ಗಜನಿ ರೈತರ ಸಂಘಕ್ಕೆ ಒಂದೇ ಕೋಣೆ,
ಕೋಣೆಗೆ ಒಂದು ಕಂಪ್ಯೂಟರು,
ಕಂಪ್ಯೂಟರಿಗೆ ನಾನೊಬ್ಬ ಗುಮಾಸ್ತ.
ವಿಂಡೋಸ್ ಕಣ್ಣು ಬಿಡುವಷ್ಟರಲ್ಲಿ
ಚಹಾ ತರಿಸಿ, ಕುಡಿದು, ಲೋಟ ತೊಳೆದಿಡಬಹುದು.
ಕಿತ್ತೆಸೆಯೋಣವೆಂದರೆ ಲೆಕ್ಕವೆಲ್ಲ ಅದರೊಳಗೇ:
ಹದಿನಾಲ್ಕು ವರ್ಷದ ಸಿಗಡಿ ಹರಾಜು,
ಯಾರದು ಎಷ್ಟು ಗುಂಟೆ, ಯಾರ ಬಾಕಿ ಎಷ್ಟು,
ತೀರಿಕೊಂಡವರ ಹೆಸರಿನ ಪಕ್ಕ ಒಂದು ಚುಕ್ಕಿ.

ಕಗ್ಗ ಕೊಯ್ದು ಮುಗಿದ ವಾರ ನಿರ್ಮಿತಾ ಪಟಗಾರ ಬಂದಳು,
ಹೊನ್ನಾವರದಲ್ಲಿ ಡಿಪ್ಲೊಮಾ, ಕೊರಳಲ್ಲಿ ಪದಕದಂತೆ ಪೆನ್‌ಡ್ರೈವು.
"ಇದ್ದದ್ದು ಇರಲಿ ಮಾಮಾ,
ಪಕ್ಕದಲ್ಲಿ ಲಿನಕ್ಸ್ ಕೂರಿಸುವಾ.
ಡಿಸ್ಕಿಗೆ ನಡುವೆ ಒಂದು ಗಡಿ ಹಾಕಿದರೆ ಸಾಕು."

ಗಡಿ ಅಂದರೆ ನನಗೆ ಹೆದರಿಕೆ.
ಮೊಳ ಅಗಲದ ಕಟ್ಟೆಗಾಗಿ ಅಣ್ಣತಮ್ಮಂದಿರು
ಇದೇ ಬೆಂಚಿನ ಎರಡು ತುದಿಯಲ್ಲಿ ಕೂತು
ಹನ್ನೊಂದು ವರ್ಷ ಮಾತು ಬಿಟ್ಟದ್ದು ಕಂಡವನು.
ಹರಾಜಿನ ಲೆಕ್ಕ ಮೂರು ಕಡೆ ನಕಲು ಮಾಡಿಸಿದೆ,
ಅವಳು ಊಟಕ್ಕೆ ಹೋದಾಗ
ನಾಲ್ಕನೆಯದನ್ನು ಪೆನ್ನಿನಲ್ಲಿ ಬರೆದಿಟ್ಟೆ.

ಪರದೆಯಲ್ಲಿ ಉದ್ದ ನೀಲಿ ಪಟ್ಟಿ, ಐನೂರು ಜಿಬಿ,
ಒಂದು ಕಟ್ಟೆಯೂ ಇಲ್ಲದ ಬಯಲು.
ಮೌಸಿನಲ್ಲಿ ಅಂಚು ಹಿಡಿದು ಒತ್ತಿದಳು.
ಸರಿಯಿತು, ಸರಿಯಿತು,
ಒಂದು ಕಡೆ ಕಾಲೂರಿ ನಿಂತಿತು.
"ಸರಿಸಲಾಗದ ಕಡತಗಳಿವೆ ಅಲ್ಲಿ."
ಏನವು?
ಅವಳಿಗೂ ಗೊತ್ತಿಲ್ಲ.
"ಎಲ್ಲ ಡಿಸ್ಕಿನಲ್ಲೂ ಇರ್ತವೆ.
ಈಚೆಗೆ ಸಿಕ್ಕಿದಷ್ಟು ನಮ್ಮದು."
ಸಿಕ್ಕಿದ್ದು ನೂರಾ ಎಂಬತ್ತು.

ಒಪ್ಪಿಗೆ ಒತ್ತಿದೆವು. ಅರವತ್ತೆರಡು ಪರ್ಸೆಂಟಿಗೆ ಕರೆಂಟು ಹೋಯಿತು.
ಯುಪಿಎಸ್ಸು ತಾಯಿ ಕಾಣದ ಕೋಳಿಮರಿಯಂತೆ ಚೀರುತ್ತಿತ್ತು.
ಏಳು ನಿಮಿಷ ಉಳಿದಿದೆ ಎಂದು ಯಾರೂ ಹೇಳಲಿಲ್ಲ.
ಅವಳು ಉಗುರು ಕಚ್ಚಿದಳು,
ನಾನು ಚುಕ್ಕಿ ಹಾಕಿದ ಹೆಸರುಗಳನ್ನು
ಒಂದೊಂದಾಗಿ ನೆನೆಸಿಕೊಂಡೆ.
ತೊಂಬತ್ತೆಂಟರಲ್ಲಿ ಫ್ಯಾನು ತಿರುಗಿತು.

ಒಂದು ಪೆಟ್ಟಿಗೆಯಲ್ಲಿ ಎರಡು ಹೇಗೋ, ಅಧ್ಯಕ್ಷರು ಕೇಳಿದರು.
ನಾನು ಕಿಟಕಿಯತ್ತ ಕೈ ಮಾಡಿದೆ:
ನಿನ್ನೆ ಭತ್ತ ನಿಂತಿದ್ದಲ್ಲಿ ಇವತ್ತು ಮೊಣಕಾಲುದ್ದ ಉಪ್ಪುನೀರು.
ಕಗ್ಗಕ್ಕೆ ಸಿಗಡಿಯ ಸುದ್ದಿ ಗೊತ್ತಿಲ್ಲ,
ಸಿಗಡಿ ಮಾತ್ರ ಕೂಳೆಯ ಬುಡ ಮುಕ್ಕಿಯೇ ಬೆಳೆಯುತ್ತದೆ.
ಹಾಗೆಯೇ ಇದೂ. ಲಿನಕ್ಸು ಆಚೆಯ ಕಡತ ತೆರೆದು ಓದುತ್ತದೆ,
ವಿಂಡೋಸಿಗೆ ಈಚೆಯದು ಹೆಸರಿಲ್ಲದ ಜಾಗ.

ತಪ್ಪಿದ್ದು ಅಮಾಸೆಯ ರಾತ್ರಿ.
ನೀರು ತಿರುಗುವ ಹೊತ್ತಿಗೆ ಜಂತ್ರಡಿಯವರಿಗೆ
ಕಂಪ್ಯೂಟರು ತಾನೇ ಕಳಿಸುವ ಸಂದೇಶ:
ಇಳಿತ ಶುರು, ಬಲೆ ಕಟ್ಟಿ, ಹಲಗೆ ಎತ್ತಿ.
ಹನ್ನೆರಡಕ್ಕೆ ಹೋಗಬೇಕಾದದ್ದು
ಹೋದದ್ದು ಬೆಳಗಿನ ಐದೂವರೆಗೆ.
ಹಮ್ಮು ಗೌಡರು ಬುಟ್ಟಿ ಹೊತ್ತು ಬಂದರು,
ಹೊಳೆಯಲ್ಲಿ ತೊಳೆದ ಬಲೆ ಹೆಗಲಲ್ಲಿ ಇನ್ನೂ ಸೋರುತ್ತಿತ್ತು.
"ನಿಮ್ ಪೆಟ್ಟಗೆಗೆ ನಿದ್ದಿ ಹತ್ತಿತ್ತೋ ಎಂತದೋ."
ಹಾಗಾದರೆ ನಿಮಗೆ ಹೇಗೆ ತಿಳಿಯಿತು?
"ನೀರು ತಿರಗೂದು ಕಾಲಿಗೆ ಗೊತ್ತಾಗ್ತದ್ಯಲ."

ಫೋನಿನಲ್ಲಿ ನಿರ್ಮಿತಾ ನಕ್ಕಳು.
ಒಳಗೆ ಗಡಿಯಾರ ಒಂದೇ, ಮಾಮಾ.
ಲಿನಕ್ಸು ಅದನ್ನು ಲೋಕದ ಹೊತ್ತಿಗೆ ತಿರುಗಿಸಿಡುತ್ತದೆ,
ವಿಂಡೋಸು ಅದನ್ನೇ ನಮ್ಮೂರ ಹೊತ್ತೆಂದು ನಂಬುತ್ತದೆ.
ಸುಳ್ಳು ಹೇಳಿದವರು ಯಾರೂ ಇಲ್ಲ.
ಒಂದು ಸಾಲು ಹೇಳಿದಳು, ಬೆರಳೊಂದರಲ್ಲಿ ಕುಟ್ಟಿದೆ,
ಅಕ್ಷರ ತಪ್ಪಿತು, ಮತ್ತೆ ಕುಟ್ಟಿದೆ.

ಈಗ ಸಂದೇಶ ಸರಿಯಾದ ಗಳಿಗೆಗೆ ಹೋಗುತ್ತದೆ.
ಗೌಡರು ಓದುವುದಿಲ್ಲ.
ಹಲಗೆ ಎತ್ತಿಟ್ಟು, ಬೀಡಿ ಹಚ್ಚಿ, ಜಂತ್ರಡಿಯ ಮೇಲೆ ಕೂತಿರುತ್ತಾರೆ.
ಕಿಸೆಯಲ್ಲಿ ಕೀಂ ಎನ್ನುತ್ತದೆ. ತೆಗೆದು, ಆರಿಸುವ ಮುನ್ನ
ಒಂದು ಗಳಿಗೆ ನೀರಿನತ್ತ ಹಿಡಿಯುತ್ತಾರಂತೆ,
ಬಲೆಯ ಬಾಯಲ್ಲಿ
ನೂರಾರು ಕೆಂಪು ಕಣ್ಣು.